ಬ್ಯಾಂಕ್ ಸ್ಟೇಟ್‌ಮೆಂಟ್ ಮುಂದಿಟ್ಟುಕೊಂಡು ಬಕೆಟ್ ಲಿಸ್ಟ್ ಬರೆದೆ

ಹೊಸ ವರ್ಷದ ಗುರಿಗಳನ್ನೂ ಬಕೆಟ್ ಲಿಸ್ಟನ್ನೂ, ಅಂದರೆ ಬದುಕಿನಲ್ಲಿ ಒಮ್ಮೆಯಾದರೂ ಮಾಡಬೇಕೆನ್ನುವ ಆಸೆಗಳ ಪಟ್ಟಿಯನ್ನೂ, ಹಳೇ ವರ್ಷದ ಬ್ಯಾಂಕ್ ಸ್ಟೇಟ್‌ಮೆಂಟಿನಿಂದ ಶುರು ಮಾಡುತ್ತೇನೆ ಎಂದಾಗ ಯಾರೂ ಒಪ್ಪಲಿಲ್ಲ. ಆಸೆಗೂ ಜಮಾ-ಖರ್ಚಿಗೂ ಏನು ಸಂಬಂಧ ಎಂದು ಕೇಳಿದವರೇ ಹೆಚ್ಚು. ಮೂರ್ನಾಲ್ಕು ವರ್ಷದಿಂದ ಹೀಗೇ ಮಾಡುತ್ತಿದ್ದೇನೆ, ಪಟ್ಟಿಯ ಮುಕ್ಕಾಲು ಪಾಲು ವರ್ಷದೊಳಗೆ ಮುಗಿಯುತ್ತಿದೆ. ಅಂದು ಒಪ್ಪದವರಲ್ಲಿ ಇಬ್ಬರು ಈಗ ನನ್ನ ಸ್ಪ್ರೆಡ್‌ಶೀಟ್ ಇಸಿದುಕೊಂಡು ಹೋಗಿದ್ದಾರೆ. ಗುರಿ ಅಳೆಯುವಂತಿರಬೇಕು, ಗಡುವು ಇರಬೇಕು ಎಂಬುದೆಲ್ಲ ನಿಮಗೆ ಗೊತ್ತಿರುವುದೇ, ಅದನ್ನು ಬಿಡುತ್ತೇನೆ.

ಇದಕ್ಕೆ ಮುಂಚೆ ಎಲ್ಲವನ್ನೂ ನೋಡಿಯಾಗಿತ್ತು. ದಪ್ಪ ಪ್ಲ್ಯಾನರ್, ಚಿತ್ರ ಅಂಟಿಸಿದ ವಿಷನ್ ಬೋರ್ಡ್, ಅಭ್ಯಾಸ ಲೆಕ್ಕ ಹಾಕುವ ಆ್ಯಪ್, ಜಿಮ್ಮಿನ ವಾರ್ಷಿಕ ಸದಸ್ಯತ್ವ. ಒಂದು ವರ್ಷವಂತೂ ಇವೆಲ್ಲ ಸೇರಿ ತಿಂಗಳ ಸಂಬಳದ ಸುಮಾರು ಮೂರನೇ ಒಂದು ಭಾಗ ನುಂಗಿದವು. ಫೆಬ್ರವರಿ ಮುಗಿಯುವಷ್ಟರಲ್ಲಿ ಯಾವುದೂ ಉಳಿದಿರಲಿಲ್ಲ. 21 ದಿನ ಮಾಡಿದರೆ ಅಭ್ಯಾಸ ತಾನಾಗಿ ಅಂಟಿಕೊಳ್ಳುತ್ತದೆ ಎಂಬ ಮಾತು ಎಲ್ಲಕ್ಕಿಂತ ಹೆಚ್ಚು ಕೆಡಿಸಿತು. ಲಂಡನ್ನಿನಲ್ಲಿ ಸಂಶೋಧಕಿ ಫಿಲಿಪ್ಪಾ ಲಾಲಿ ಮತ್ತು ಸಂಗಡಿಗರು ಮಾಡಿದ, 2010ರಲ್ಲಿ ಅಚ್ಚಾದ ಅಧ್ಯಯನದಲ್ಲಿ ನಡುಮಟ್ಟ 66 ದಿನ ಬಂದಿತ್ತು. ಜನರಿಂದ ಜನರಿಗೆ ಅದು 18ರಿಂದ 254 ದಿನದವರೆಗೂ ಹರಡಿತ್ತು. ಇದು ಗೊತ್ತಾದ ಮೇಲೆ ಮೂರು ತಿಂಗಳಿಗಿಂತ ಕಡಿಮೆ ಅವಧಿಯ ಗುರಿ ಇಟ್ಟುಕೊಳ್ಳುವುದನ್ನೇ ನಿಲ್ಲಿಸಿದೆ.

ಈಗ ಡಿಸೆಂಬರಿನ ಎರಡನೇ ಭಾಗದಲ್ಲಿ ಸ್ಟೇಟ್‌ಮೆಂಟ್, ಕ್ಯಾಲೆಂಡರ್, ಫೋನಿನ ಫೋಟೊಗಳು ಮೂರನ್ನೂ ತೆರೆದು ಕೂರುತ್ತೇನೆ. ಮತ್ತೊಮ್ಮೆ ಖುಷಿಯಿಂದ ಮಾಡುವ ಖರ್ಚಿಗೆ ಹಸಿರು, ಉಳಿದದ್ದಕ್ಕೆ ಕೆಂಪು. ಎರಡು ಸಂಜೆ ಸಾಕು. ಗಿಟಾರ್ ಕಲಿಯಬೇಕು ಎಂದು ವರ್ಷವರ್ಷವೂ ಬರೆಯುತ್ತಿದ್ದೆ, ಆದರೆ ಅದಕ್ಕೆ ಹಣವೂ ಹೋಗಿರಲಿಲ್ಲ, ಒಂದು ಗಂಟೆಯೂ ಹೋಗಿರಲಿಲ್ಲ. ನಕ್ಷತ್ರ ನೋಡಲು ಊರಾಚೆ ಹೋದ ರಾತ್ರಿಗಳು ಮಾತ್ರ ಹಸಿರಾಗಿ ಸಾಲುಗಟ್ಟಿದ್ದವು. ಯಾರ ಒತ್ತಾಯವೂ ಇಲ್ಲದೆ ದುಡ್ಡು ಎಲ್ಲಿಗೆ ಹೋಗಿದೆಯೋ ನಿಜವಾದ ಆಸೆ ಅಲ್ಲೇ ಇದೆ. ಪಟ್ಟಿಯಲ್ಲಿ ಗಿಟಾರ್ ಅಳಿಸಿ ಪೂರ್ಣ ಸೂರ್ಯಗ್ರಹಣ ಬರೆದೆ.

ಬಕೆಟ್ ಲಿಸ್ಟ್ ಮತ್ತು ಗುರಿಗಳನ್ನು ಒಂದೇ ಹಾಳೆಯಲ್ಲಿ ಬರೆಯಬೇಡಿ. ಒಂದು ಸಲ ಆಗಿ ಮುಗಿಯುವುದು ಬೇರೆ, ದಿನಾ ಮಾಡಬೇಕಾದ್ದು ಬೇರೆ. ಬಕೆಟ್ ಲಿಸ್ಟಿನ ಪ್ರತಿ ಸಾಲಿನ ಎದುರು ತಾರೀಕು, ಹಣ, ಮೊದಲು ಎದುರಾಗುವ ಅಡ್ಡಿ ಈ ಮೂರನ್ನು ತುಂಬಿಸುತ್ತೇನೆ. ಕೆಲವು ಆಸೆಗಳ ತಾರೀಕು ನಮ್ಮ ಕೈಯಲ್ಲಿರುವುದಿಲ್ಲ. 2027ರ ಆಗಸ್ಟ್ 2ರಂದು ಈಜಿಪ್ಟಿನ ಲಕ್ಸರ್ ಸುತ್ತಮುತ್ತ ಗ್ರಹಣ 6 ನಿಮಿಷಕ್ಕೂ ಹೆಚ್ಚು ಪೂರ್ಣವಾಗಿರುತ್ತದೆ, ಆ ದಿನ ತಪ್ಪಿದರೆ ತಪ್ಪಿದಂತೆಯೇ. ಉತ್ತರ ಧ್ರುವಪ್ರಭೆಗೆ, ಅಂದರೆ ಧ್ರುವದ ಹತ್ತಿರದ ನಾಡುಗಳ ಆಕಾಶದಲ್ಲಿ ಮೂಡುವ ಬಣ್ಣದ ಬೆಳಕಿಗೆ, ಕತ್ತಲ ರಾತ್ರಿ ಬೇಕು, ಬೇಸಿಗೆಯಲ್ಲಿ ಹೋದರೆ ಅಲ್ಲಿ ರಾತ್ರಿಯೇ ಕಪ್ಪಾಗುವುದಿಲ್ಲ. ಮೊದಲ ಅಡ್ಡಿ ಹೆಚ್ಚಾಗಿ ಸಣ್ಣದೇ ಇರುತ್ತದೆ. ನನ್ನದು ಪಾಸ್‌ಪೋರ್ಟ್. ಪ್ರಯಾಣದ ದಿನದಿಂದ ಇನ್ನೂ 6 ತಿಂಗಳು ಅದು ಚಾಲ್ತಿಯಲ್ಲಿರಬೇಕು ಎನ್ನುವ ದೇಶಗಳು ಬಹಳ.

ಹಣದ ವಿಷಯಕ್ಕೆ ಬರುತ್ತೇನೆ, ಪಟ್ಟಿಗಳು ಸಾಯುವುದು ಇಲ್ಲೇ. ಸಂಬಳ ಬಂದ ಮರುದಿನ ಸುಮಾರು ಶೇ. 8ರಷ್ಟು ತಾನಾಗಿ ಕಡಿತವಾಗುತ್ತದೆ. ಪ್ರತಿ ಆಸೆಗೂ ಅದರದೇ ಹೆಸರಿನ ಬೇರೆ ಖಾತೆ. ಮೊದಲು ಮೂರು ಆಸೆಗಳಿಗೆ ಸಮವಾಗಿ ಹಂಚಿದ್ದೆ, ವರ್ಷ ಮುಗಿದರೂ ಯಾವುದೂ ಹಣ್ಣಾಗಲಿಲ್ಲ. ಈಗ ಮೊದಲನೆಯದಕ್ಕೆ ಹೆಚ್ಚುಕಡಿಮೆ ಶೇ. 70, ಮಿಕ್ಕಿದ್ದು ಉಳಿದ ಎರಡಕ್ಕೆ. ಇಷ್ಟು ಬದಲಾಯಿಸಿದ್ದಕ್ಕೆ ಕೈಗೂಡುವ ಸಂಖ್ಯೆ ಏರಿತು. ಅಂದಾಜಿನ ಮೇಲೆ ಕಣ್ಣುಮುಚ್ಚಿ ಮೂರನೇ ಒಂದು ಭಾಗ ಸೇರಿಸುತ್ತೇನೆ. ವಿಮೆ, ಪರವಾನಗಿ, ಬಾಡಿಗೆ ಸಲಕರಣೆ, ರಜೆಯಲ್ಲಿ ಕೈಬಿಟ್ಟುಹೋಗುವ ಗಳಿಕೆ, ಇವೆಲ್ಲ ಮೊದಲ ಲೆಕ್ಕದಲ್ಲಿ ಯಾರಿಗೂ ಕಾಣುವುದಿಲ್ಲ. ಮನಶ್ಶಾಸ್ತ್ರಜ್ಞರಾದ ಕಾನೆಮನ್ ಮತ್ತು ಟ್ವೆರ್ಸ್ಕಿ 1979ರಲ್ಲೇ ಈ ಕುರುಡುತನಕ್ಕೆ 'ಪ್ಲ್ಯಾನಿಂಗ್ ಫ್ಯಾಲಸಿ' ಎಂದು ಹೆಸರಿಟ್ಟಿದ್ದಾರೆ.

ದಿನನಿತ್ಯದ ಗುರಿ ಎರಡೇ, ತೀರಾ ಅಂದರೆ ಮೂರು. ಹಾಫ್ ಮ್ಯಾರಥಾನ್ 21.1 ಕಿ.ಮೀ. ಓಡಿದ್ದು ಹೀಗೆ ಬರೆದುಕೊಂಡ ಒಂದು ಸಾಲಿನಿಂದ: "ಬೆಳಗಿನ ಅಲಾರಂ ನಿಂತ ಕೂಡಲೇ ಶೂ ಹಾಕುತ್ತೇನೆ, ಮಳೆಯಿದ್ದರೆ ಮೆಟ್ಟಿಲು ಹತ್ತುತ್ತೇನೆ." ಯಾವಾಗ, ಎಲ್ಲಿ, ಆಗದಿದ್ದರೆ ಏನು ಎಂದು ಮುಂಚೆಯೇ ಕಟ್ಟಿಡುವುದನ್ನು ಮನಶ್ಶಾಸ್ತ್ರಜ್ಞ ಪೀಟರ್ ಗೋಲ್‌ವಿಟ್ಸರ್ ವರ್ಷಗಟ್ಟಲೆ ಪರೀಕ್ಷಿಸಿದ್ದಾರೆ. ನನ್ನ ಕಾಲೇ ಅದಕ್ಕೆ ಸಾಕ್ಷಿ. ತರಬೇತಿಗೆ ನಾಲ್ಕು ತಿಂಗಳು ಹಿಡಿಯಿತು, ಸಮಯ ಎರಡೂವರೆ ಗಂಟೆಯೊಳಗೆ. ಮೊದಲ ಓಟಕ್ಕೆ ಅದು ಚೆನ್ನಾದ ಸಮಯವೇ.

ನಡುವೆ ಒಂದಿಷ್ಟು ಪ್ರಯೋಗಗಳೂ ಆದವು. ಒಂದು ವರ್ಷ ಗುರಿಗಳನ್ನು ಎಲ್ಲರಿಗೂ ಹೇಳಿಕೊಂಡೆ, ಮರುವರ್ಷ ಒಬ್ಬರಿಗೆ ಮಾತ್ರ. ಎರಡನೆಯದೇ ಮೇಲು: ಎಲ್ಲರಿಗೂ ಹೇಳಿದಾಗ ಸಿಗುವ ಮೆಚ್ಚುಗೆಯಲ್ಲೇ ಅರ್ಧ ಹಸಿವು ತೀರಿಹೋಗುತ್ತದೆ. ಇನ್ನೊಂದು ಸಲ ಜನವರಿ ಬಿಟ್ಟು ಹುಟ್ಟುಹಬ್ಬದಿಂದ ವರ್ಷ ಎಣಿಸಿದೆ, ಅದೂ ಚೆನ್ನಾಗಿಯೇ ನಡೆಯಿತು. ಹೊಸ ವಾರ, ಹೊಸ ತಿಂಗಳು, ಹುಟ್ಟುಹಬ್ಬ, ಇಂಥ ಗಡಿಗಳಲ್ಲೆಲ್ಲ ಜನ ಹುರುಪಿನಿಂದ ಶುರುಮಾಡುತ್ತಾರೆ ಎಂದು 2014ರ ಒಂದು ಸಂಶೋಧನೆ ತೋರಿಸಿದೆ. ಹಾಗಾಗಿ ಮಾರ್ಚಿನಲ್ಲಿ ಬಿದ್ದ ಗುರಿಯನ್ನು ಮುಂದಿನ ಜನವರಿಗೆ ದೂಡದೆ ಏಪ್ರಿಲ್ ಒಂದಕ್ಕೇ ಎತ್ತಿ ನಿಲ್ಲಿಸುತ್ತೇನೆ.

ಜೂನಿನಲ್ಲಿ ಪಟ್ಟಿಯಿಂದ ಯಾವುದನ್ನು ಕಿತ್ತುಹಾಕಬೇಕೆಂದು ತೀರ್ಮಾನಿಸಲು ನನ್ನದೊಂದು ಅಂಕದ ಲೆಕ್ಕವಿದೆ. ಸ್ಪ್ರೆಡ್‌ಶೀಟ್ ಕೊಟ್ಟಾಗಲೂ ಆ ಕಾಲಂ ಅಳಿಸಿಯೇ ಕೊಟ್ಟೆ. ಅದು ನನ್ನ ಹತ್ತಿರವೇ ಇರಲಿ.

ಗ್ರಹಣದ ಖಾತೆ ಮೂರನೇ ಎರಡರಷ್ಟು ತುಂಬಿದೆ. ಹೊಸದಾಗಿ ಸೇರಿದ್ದು ಸ್ಕೂಬಾ ಡೈವಿಂಗ್. ಮೊದಲ ಹಂತದ ಪ್ರಮಾಣಪತ್ರ ಸಿಕ್ಕರೆ 18 ಮೀಟರ್ ಆಳದವರೆಗೆ ಇಳಿಯಬಹುದು, ಆದರೆ ಅದಕ್ಕೆ ಮುಂಚೆ 200 ಮೀಟರ್ ಈಜಿ 10 ನಿಮಿಷ ತೇಲಿ ತೋರಿಸಬೇಕಾಗುತ್ತದೆ. ನನ್ನ ಈಜು ಸದ್ಯ ನೂರು ಮೀಟರ್ ದಾಟಿದೆ. ಇನ್ನೂರು ಆಗುವವರೆಗೆ ಸ್ಕೂಬಾ ಹೆಸರಿನಲ್ಲಿ ಖಾತೆ ತೆರೆಯುವುದಿಲ್ಲ.