ಮುರಾಸಾಕಿ ಕೆಂಪು: ಕೋಶ ಕೃಷಿಯಲ್ಲಿ ಶಿಕೊನಿನ್ ತೆಗೆಯುವ ಎರಡು ತೊಟ್ಟಿಯ ವಿಧಾನ

ಜಪಾನಿನ ಮುರಾಸಾಕಿ ಗಿಡದ ಬೇರಿನಲ್ಲಿ ಶಿಕೊನಿನ್ ಎಂಬ ಕೆಂಪು ಬಣ್ಣವಿದೆ. ಬೇರು ಬಲಿಯಲು ವರ್ಷಗಳೇ ಬೇಕು, ಬಲಿತರೂ ಒಣ ತೂಕದ 1–2% ಮಾತ್ರ ಸಿಗುತ್ತದೆ. 1980ರ ದಶಕದ ಆರಂಭದಲ್ಲಿ ಮಿತ್ಸುಯಿ ಪೆಟ್ರೋಕೆಮಿಕಲ್ ಕಂಪನಿ ಗಿಡದ ಬದಲು ಅದರ ಕೋಶಗಳನ್ನೇ ತೊಟ್ಟಿಯಲ್ಲಿ ಬೆಳೆಸಿ ಈ ಕೆಲಸವನ್ನು 23 ದಿನಕ್ಕೆ ಇಳಿಸಿತು. ಆ ಬಣ್ಣ ಜಪಾನಿನ ಕನೆಬೊ ಕಂಪನಿಯ ಲಿಪ್‌ಸ್ಟಿಕ್‌ಗೂ ಹೋಯಿತು. ಕೋಶ ಬೆಳೆಯುವ ನೀರಿನಲ್ಲಿ ಬಣ್ಣ ಕಟ್ಟುವುದಿಲ್ಲ, ಬಣ್ಣ ಕಟ್ಟುವ ನೀರಿನಲ್ಲಿ ಕೋಶ ಚೆನ್ನಾಗಿ ಬೆಳೆಯುವುದಿಲ್ಲ. ಎರಡು ತೊಟ್ಟಿ ಬೇಕಾದದ್ದು ಅದಕ್ಕೇ.

ಮೊದಲು ಕ್ಯಾಲಸ್, ಅಂದರೆ ಬೇರು-ಎಲೆಯ ರೂಪವಿಲ್ಲದ ಕೋಶಗಳ ಮುದ್ದೆ. ಬೀಜವನ್ನು 70% ಎಥನಾಲ್‌ನಲ್ಲಿ ಒಂದು ನಿಮಿಷ, 1% ಸೋಡಿಯಂ ಹೈಪೊಕ್ಲೋರೈಟ್‌ನಲ್ಲಿ ಹತ್ತು ನಿಮಿಷ ಇಟ್ಟು, ಸೂಕ್ಷ್ಮಾಣುರಹಿತ ನೀರಿನಲ್ಲಿ ನಾಲ್ಕು ಸಲ ತೊಳೆಯಿರಿ. ಮೊಳಕೆಯ ತುಂಡುಗಳನ್ನು ಲಿನ್ಸ್‌ಮಾಯರ್–ಸ್ಕೂಗ್ ಅಗರ್ (ಪೋಷಕಾಂಶ ಬೆರೆಸಿದ ಗಟ್ಟಿ ಮಾಧ್ಯಮ) ಮೇಲಿಡಿ: ಸಕ್ಕರೆ ಲೀಟರಿಗೆ 30 ಗ್ರಾಂ, ಪಿಎಚ್ 5.8, ಸಸ್ಯ ಬೆಳವಣಿಗೆಯ ಹಾರ್ಮೋನುಗಳಾಗಿ ಲೀಟರಿಗೆ 2,4-ಡಿ 0.2 ಮಿ.ಗ್ರಾಂ, ಕೈನೆಟಿನ್ 2 ಮಿ.ಗ್ರಾಂ. ಕ್ಯಾಲಸ್ ಹುಟ್ಟಿದ ಮೇಲೆ 2,4-ಡಿ ಬಿಟ್ಟು ಐಎಎ ಎಂಬ ಇನ್ನೊಂದು ಹಾರ್ಮೋನು ಬಳಸಿ, ಏಕೆಂದರೆ 2,4-ಡಿ ಬಣ್ಣವನ್ನು ತಡೆಯುತ್ತದೆ. 25 ಡಿಗ್ರಿ, ಕತ್ತಲೆ. ಪ್ರತಿ ಮೂರು ವಾರಕ್ಕೊಮ್ಮೆ ಮರುನಾಟಿ ಮಾಡುವಾಗ ಅತಿ ಕೆಂಪಾದ ಭಾಗವನ್ನೇ ಆರಿಸಿ. ಇಲ್ಲಿ ಅವಸರ ಬೇಡ. ಬಿಳಿ ಕೋಶಗಳು ಬೇಗ ಬೆಳೆಯುತ್ತವೆ. ಆರಿಸದೆ ಬಿಟ್ಟರೆ ಅವೇ ಮೇಲುಗೈ ಪಡೆಯುತ್ತವೆ.

ಅಲ್ಲಿಂದ ದ್ರವ ಮಾಧ್ಯಮಕ್ಕೆ, ನಿಮಿಷಕ್ಕೆ 100 ಸುತ್ತಿನ ಶೇಕರ್ ಮೇಲೆ. ದ್ರವದಲ್ಲಿ ಕೋಶ ಬೆಳ್ಳಗಾಯಿತೆಂದು ಗಾಬರಿಯಾಗಬೇಡಿ. ಬೆಳವಣಿಗೆಯ ಹಂತದಲ್ಲಿ ಹಾಗೇ ಇರಬೇಕು. ಫ್ಲಾಸ್ಕ್‌ನಿಂದ ಸಣ್ಣ ತೊಟ್ಟಿಗೆ, ಅಲ್ಲಿಂದ ದೊಡ್ಡದಕ್ಕೆ ಹಂತಹಂತವಾಗಿ ಏರಿಸಿ. ಮಿತ್ಸುಯಿ ವಿಧಾನದಲ್ಲಿ 200 ಲೀಟರಿನ ತೊಟ್ಟಿಯಲ್ಲಿ 9 ದಿನ ಬೆಳವಣಿಗೆ, 750 ಲೀಟರಿನದರಲ್ಲಿ 14 ದಿನ ಬಣ್ಣ.

ಎರಡನೆಯ ತೊಟ್ಟಿಯ ಎಂ-9 ಮಾಧ್ಯಮದಲ್ಲಿ ಅಮೋನಿಯಂ ಇರುವುದೇ ಇಲ್ಲ, ಸಾರಜನಕವೆಲ್ಲ ನೈಟ್ರೇಟ್‌ನದು. ಲೀಟರಿಗೆ ಕ್ಯಾಲ್ಸಿಯಂ ನೈಟ್ರೇಟ್ ಸುಮಾರು 694 ಮಿ.ಗ್ರಾಂ, ಪೊಟ್ಯಾಸಿಯಂ ನೈಟ್ರೇಟ್ 80 ಮಿ.ಗ್ರಾಂ. ತಾಮ್ರದ ಸಲ್ಫೇಟ್ 0.3 ಮಿ.ಗ್ರಾಂ: ಬೆಳವಣಿಗೆಯ ಮಾಧ್ಯಮದಲ್ಲಿರುವುದಕ್ಕಿಂತ ಸುಮಾರು ಹನ್ನೆರಡು ಪಟ್ಟು. ಬಣ್ಣ ಬಾರದಿದ್ದರೆ ಮೊದಲು ಅಮೋನಿಯಂ ಉಳಿದಿದೆಯೇ ನೋಡಿ; ಕೊಂಚ ಉಳಿದರೂ ಬಣ್ಣ ನಿಲ್ಲುತ್ತದೆ. ಕೋಶಗಳನ್ನು ನೈಲಾನ್ ಜಾಲರಿಯಲ್ಲಿ ಸೋಸಿ, ಎಂ-9ರಲ್ಲಿ ತೊಳೆದೇ ಹಾಕಬೇಕು. ಹಳೆಯ ನೀರಿನ ಸಮೇತ ಸುರಿಯುವುದು ಸುಲಭ, ಆದರೆ ಅದೇ ಎಲ್ಲ ಕೆಡಿಸುತ್ತದೆ. ಎರಡನೆಯ ಅನುಮಾನ ಬೆಳಕು, ಅದರಲ್ಲೂ ನೀಲಿ ಬೆಳಕು. ಗಾಜಿನ ತೊಟ್ಟಿಯಾದರೆ ಮುಚ್ಚಿಡಿ.

ಸಸ್ಯಕೋಶ ಬ್ಯಾಕ್ಟೀರಿಯಾಕ್ಕಿಂತ ಹತ್ತಾರು ಪಟ್ಟು ದೊಡ್ಡದು, ಗಟ್ಟಿ ಭಿತ್ತಿಯಿದ್ದರೂ ಹೊಡೆತಕ್ಕೆ ಸೂಕ್ಷ್ಮ. ಬ್ಯಾಕ್ಟೀರಿಯಾ ತೊಟ್ಟಿಯ ರಭಸದ ಟರ್ಬೈನ್ ಇಲ್ಲಿ ಬೇಡ. ಅಗಲ ರೆಕ್ಕೆಯ ನಿಧಾನ ಕಲಕು ಅಥವಾ ಗಾಳಿಯಿಂದಲೇ ನೀರು ಸುತ್ತುವ ಏರ್‌ಲಿಫ್ಟ್ ಸಾಕು. ಕೋಶ ದ್ವಿಗುಣವಾಗಲು ದಿನಗಳೇ ಬೇಕು, ಬ್ಯಾಕ್ಟೀರಿಯಾಕ್ಕೆ ಅರ್ಧ ಗಂಟೆ ಸಾಕು. ಹಾಗಾಗಿ ಒಂದೇ ಒಂದು ನುಸುಳಿದರೂ ಇಡೀ ತೊಟ್ಟಿ ಹಾಳು. ತೊಟ್ಟಿ, ಮಾಧ್ಯಮಗಳನ್ನು 121 ಡಿಗ್ರಿಯಲ್ಲಿ ಸೂಕ್ಷ್ಮಾಣುರಹಿತಗೊಳಿಸಿ, ದೊಡ್ಡ ತೊಟ್ಟಿಗೆ ಹೆಚ್ಚು ಹೊತ್ತು ಕೊಡಿ. ಪ್ರತಿ ವರ್ಗಾವಣೆಗೂ ಮುಂಚೆ ಮಾದರಿಯನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ, ಅಗರ್ ತಟ್ಟೆಯ ಮೇಲೂ ಹಚ್ಚಿ ಎರಡು ದಿನ ಕಾಯಿರಿ. ಕೋಶದ ರಾಶಿ ದಪ್ಪವಾದಂತೆ ಆಮ್ಲಜನಕ ಕಡಿಮೆಯಾಗುತ್ತದೆ. ಆಗ ಕಲಕುವ ವೇಗದ ಬದಲು ಗಾಳಿಯ ಪ್ರಮಾಣ ಹೆಚ್ಚಿಸಿ, ನೊರೆ ಉಕ್ಕದಂತೆ ನೋಡಿಕೊಳ್ಳಿ.

ಶಿಕೊನಿನ್ ಎಣ್ಣೆಯಲ್ಲಿ ಕರಗುತ್ತದೆ, ಕೋಶದ ಹೊರಗೆ ಕಣಗಳಾಗಿ ಕೂರುತ್ತದೆ. ಸಣ್ಣ ಪ್ರಮಾಣದಲ್ಲಾದರೆ ಮೇಲೆ ಲಿಕ್ವಿಡ್ ಪ್ಯಾರಾಫಿನ್ ಪದರ ಹಾಕಿ, ಬಣ್ಣ ತಾನೇ ಅದಕ್ಕೆ ಇಳಿಯುತ್ತದೆ. ಅಳೆಯಲು ಸ್ವಲ್ಪ ಎಣ್ಣೆಯನ್ನು 2.5% ಪೊಟ್ಯಾಸಿಯಂ ಹೈಡ್ರಾಕ್ಸೈಡ್‌ನೊಂದಿಗೆ ಕುಲುಕಿ: ಕೆಂಪು ನೀಲಿಯಾಗಿ ನೀರಿಗೆ ಇಳಿಯುತ್ತದೆ. ಆ ನೀಲಿ ನೀರು 622 ನ್ಯಾನೋಮೀಟರ್‌ನ ಬೆಳಕನ್ನು ಎಷ್ಟು ಹೀರುತ್ತದೆಂದು ಸ್ಪೆಕ್ಟ್ರೋಫೋಟೋಮೀಟರ್‌ನಲ್ಲಿ ಓದಿ.