ರೊಟ್ಟಿಯನ್ನು ‘ರೊಟಿಟ’ ಎಂದು ಓದುವ ಮಕ್ಕಳಿಗೆ ಒತ್ತಕ್ಷರ ಕಲಿಸುವ ಬಗೆ

ಕಾಗುಣಿತ ಗಟ್ಟಿಯಾಗುವ ತನಕ ಒತ್ತಕ್ಷರಕ್ಕೆ ಕೈ ಹಾಕಬೇಡಿ. ತೊಗರಿ, ಕುದುರೆ, ಜೋಳಿಗೆ ಇಂಥ ಪದಗಳನ್ನು ಮಗು ತಡವರಿಸದೆ ಓದಿದರೆ ಶುರು ಮಾಡಬಹುದು.

ಮೊದಲ ಎರಡು ಮೂರು ದಿನ ಪಾಟಿ ಬೇಡ, ಕಿವಿ ಸಾಕು. ಕತೆ–ಕತ್ತೆ, ಹಳಿ–ಹಳ್ಳಿ, ಎಲೆ–ಎಲ್ಲೆ ಜೋಡಿಗಳನ್ನು ದಿನಕ್ಕೆ ಐದು ನಿಮಿಷ ಹೇಳಿಸಿ. ಒತ್ತು ಬಂದ ಕಡೆ ನಾಲಿಗೆ ಒಂದು ಕ್ಷಣ ತಡೆದು ನಿಲ್ಲುತ್ತದೆ. ಅಲ್ಲಿ ಮಕ್ಕಳು ಮುಷ್ಟಿ ಬಿಗಿಯಲಿ. ಮನೆಯಲ್ಲಿ ದಖನಿ ಉರ್ದು, ತೆಲುಗು ಅಥವಾ ಲಂಬಾಣಿ ಮಾತಾಡುವ ಮಕ್ಕಳಿಗೆ ಈ ಪದಗಳೇ ಹೊಸವಿರಬಹುದು. ಅವರಿಗೆ ಅರ್ಥವನ್ನೂ ಜೊತೆಗೇ ಹೇಳಿ.

ಇನ್ನು ಬರಹ. ‘ರೊಟಿಟ’ ಎಂದು ಓದುವ ಮಗು ಕಂಡದ್ದನ್ನೇ ಓದುತ್ತಿದೆ: ಮೇಲೆ ‘ಟಿ’, ಕೆಳಗೆ ‘ಟ’. ಗುಣಿತದ ಗುರುತು ಮೇಲಿನ ಅಕ್ಷರಕ್ಕೆ ಅಂಟಿದ್ದರೂ ಅದರ ಸ್ವರ ಕೇಳುವುದು ಒತ್ತಿನ ನಂತರ. ಪಾಠದ ತಿರುಳೇ ಇದು. ಇದೊಂದಕ್ಕೆ ವಾರವಿಡೀ ಹೋದರೂ ಹೋಗಲಿ. ಹಲಗೆಯ ಮೇಲೆ ಮೊದಲು ‘ರೊಟ್ – ಟಿ’ ಎಂದು ಬಿಡಿಸಿ ಬರೆದು ಓದಿಸಿ, ಅದರ ಕೆಳಗೆ ‘ರೊಟ್ಟಿ’ ಬರೆಯಿರಿ. ಒತ್ತಿಗೆ ಬೇರೆ ಬಣ್ಣದ ಸೀಮೆಸುಣ್ಣ ಇರಲಿ. ಮಗುವಿನ ಬೆರಳು ಮೇಲಿನ ಅಕ್ಷರ, ಕೆಳಗಿನ ಒತ್ತು, ಕೊನೆಗೆ ಗುಣಿತದ ಗುರುತು, ಈ ಕ್ರಮದಲ್ಲೇ ಸರಿಯಲಿ. ಬೆಕ್ಕು, ಹಕ್ಕಿ, ಚಿತ್ತಾಪುರ ಎಲ್ಲಕ್ಕೂ ಇದೇ ದಾರಿ. ‘ಚಿತಾತಪುರ’ ಎಂದರೆ ಬೆರಳು ದೀರ್ಘದ ಕಡೆಗೆ ಮೊದಲೇ ಓಡಿದೆ ಎಂದು ತಿಳಿಯಿರಿ.

ಎಲ್ಲ ಒತ್ತುಗಳನ್ನೂ ಒಮ್ಮೆಗೇ ಪಟ್ಟಿ ಮಾಡಿ ಕಂಠಪಾಠ ಮಾಡಿಸುವುದು ವ್ಯರ್ಥ. ಮೂಲ ಅಕ್ಷರವನ್ನೇ ಹೋಲುವ ಗ, ಟ, ಡ, ದ, ಪ, ಬ, ಳ ಒತ್ತುಗಳು ಮೊದಲು ಬರಲಿ. ತ, ನ, ಮ, ಯ, ರ, ಲ ಈ ಆರರ ಒತ್ತು ಮೂಲವನ್ನು ಹೋಲುವುದಿಲ್ಲ. ಇವನ್ನು ವಾರಕ್ಕೆ ಎರಡರಂತೆ, ಪದದೊಳಗೇ ಕಲಿಸಿ: ಅತ್ತೆ, ಅನ್ನ, ಅಮ್ಮ, ಅಯ್ಯ, ಚಕ್ರ, ಎಲ್ಲ.

ಬಳಿಕ ವಿಜಾತೀಯ ಒತ್ತು, ಅಂದರೆ ಒಂದು ಅಕ್ಷರಕ್ಕೆ ಬೇರೊಂದು ಅಕ್ಷರದ ಒತ್ತು. ‘ರಸ್ತೆ’ಯನ್ನು ‘ರಸತೆ’ ಎಂದರೆ ರಸ್–ತೆ ಎಂದು ತುಂಡು ಮಾಡಿಸಿ. ಪುಸ್–ತಕ, ಊರ ಹೆಸರು ಯಡ್–ರಾಮಿ ಹಾಗೆಯೇ. ‘ಸ್ಕೂಲ್’ ನೋಡಿ ‘ಇಸ್ಕೂಲ್’ ಎನ್ನುವುದು ಓದಿನ ತಪ್ಪಲ್ಲ, ಆಡುಮಾತಿನ ರೂಢಿ. ಅದಕ್ಕಾಗಿ ಮಗುವನ್ನು ತಡೆದು ನಿಲ್ಲಿಸಬೇಡಿ.

ಅರ್ಕಾವತ್ತನ್ನು, ಅಂದರೆ ಅಕ್ಷರದ ಬಲಕ್ಕೆ ಬರೆಯುವ ‘ರ್’ ಗುರುತನ್ನು, ಇವೆಲ್ಲ ಮುಗಿದು ಎರಡು ವಾರದ ಮೇಲೆ ತನ್ನಿ. ಇಲ್ಲಿ ಕ್ರಮ ತಿರುಗುಮುರುಗು: ಬರೆಯುವುದು ಆಮೇಲೆ, ಉಚ್ಚರಿಸುವುದು ಮೊದಲು. ಹಾಗಾಗಿ ಜೇವರ್ಗಿ ‘ಜೇವಗಿರ್’ ಆಗುತ್ತದೆ. ಗುರುತು ಕನ್ನಡದ ೯ರಂತಿರುವುದರಿಂದ ಅಂಕಿ ಬಲ್ಲ ಮಗು ‘ಒಂಬತ್ತು’ ಎಂದೂ ಓದೀತು. ಓದುವ ಮುನ್ನ ಪದದಲ್ಲಿ ಆ ಗುರುತು ಹುಡುಕಿ ಸುತ್ತು ಹಾಕಿಸಿ, ಅದರಿಂದ ಹಿಂದಿನ ಅಕ್ಷರಕ್ಕೆ ಬಾಣ ಎಳೆಸಿ. ಜೇವರ್ಗಿ, ಮಾರ್ಗ, ವರ್ಷ, ಸೂರ್ಯ ಸಾಕು. ಉಕ್ತಲೇಖನದಲ್ಲಿ ‘ಕಲಬುರಗಿ’ಯನ್ನು ನೀವು ರೂಢಿಯಂತೆ ‘ಕಲಬುರ್ಗಿ’ ಎಂದರೆ ಮಗು ಅರ್ಕಾವತ್ತು ಹಾಕಿಯೇ ಬರೆಯುತ್ತದೆ. ಅಲ್ಲಿ ಅಂಕ ಕಳೆಯುವುದು ಅನ್ಯಾಯ. ಮಗುವಿನ ಕಿವಿ ಸರಿಯಾಗಿಯೇ ಇದೆ.

ಪರೀಕ್ಷೆಗೆ ಐದು ಪದ ಕೊಡಿ, ಅದರಲ್ಲಿ ಎರಡು ಅರ್ಥವಿಲ್ಲದವು: ‘ಪಗ್ಗಿ’, ‘ಲೊಸ್ಮು’. ಅಮ್ಮ, ಅಜ್ಜ ಪದಗಳನ್ನು ಮಕ್ಕಳು ಆಕಾರ ನೋಡಿಯೇ ಊಹಿಸಿಬಿಡುತ್ತಾರೆ. ‘ಪಗ್ಗಿ’ಯನ್ನು ‘ಪಗಿಗ’ ಎಂದರೆ ಮುಂದಿನ ಒತ್ತಿಗೆ ಹೋಗದೆ ಮತ್ತೆ ರೊಟ್ – ಟಿಗೇ ಬನ್ನಿ.