ಸಮುದ್ರಕ್ಕೆ ಬಿದ್ದ ಚುಕ್ಕೆಗಳು ದಡ ಸೇರಿದ್ದು ಹೀಗೆ

ಬಾವಿಗಳಿರುವ ಜಾಗದ ಪಟ್ಟಿಯೊಂದು ಎಕ್ಸೆಲ್‌ನಲ್ಲಿತ್ತು. ಅದನ್ನು ಸಿಎಸ್‌ವಿ (ಬರೀ ಅಕ್ಷರ, ಅಂಕಿಗಳ ಸರಳ ಕಡತ) ಮಾಡಿ, ನಕ್ಷೆ ಮಾಡುವ ತಂತ್ರಾಂಶ ಕ್ಯೂಜಿಐಎಸ್‌ಗೆ ಹಾಕಿದೆ. ಪ್ರತಿ ಬಾವಿಯೂ ನಕ್ಷೆಯಲ್ಲಿ ಒಂದು ಚುಕ್ಕೆ. ಒಂದು ಚುಕ್ಕೆಯೂ ತನ್ನ ಜಾಗದಲ್ಲಿರಲಿಲ್ಲ.

ಮೊದಲ ತಪ್ಪು ಬೇಗ ಸಿಕ್ಕಿತು. ಎಕ್ಸ್ (ಪೂರ್ವ-ಪಶ್ಚಿಮ) ಜಾಗಕ್ಕೆ ಅಕ್ಷಾಂಶ ಕೊಟ್ಟಿದ್ದೆ. ಅಲ್ಲಿಗೆ ಬೇಕಾದದ್ದು ರೇಖಾಂಶ. ಅದಲು ಬದಲು ಮಾಡಿದ ಮೇಲೆ ಚುಕ್ಕೆಗಳು ಹತ್ತಿರ ಬಂದವು. ಆದರೂ ಎಷ್ಟೋ ಬಾವಿಗಳು ಹತ್ತಾರು ಕಿಲೋಮೀಟರ್ ದೂರದಲ್ಲೇ ಉಳಿದವು.

ಇದಕ್ಕೆ ಎರಡು ದಿನ ಹಿಡಿಯಿತು. ಪಟ್ಟಿಯಲ್ಲಿ 24.3036 ಅಂತಿತ್ತು. ನೋಡೋಕೆ ದಶಮಾಂಶ, ಆದರೆ ಹಳೆಯ ನಮೂನೆಯ ಹಾಳೆ ತೆಗೆದು ನೋಡಿದರೆ ಬರೆದಿದ್ದದ್ದು 24 ಡಿಗ್ರಿ, 30 ನಿಮಿಷ, 36 ಸೆಕೆಂಡ್! ಟೈಪ್ ಮಾಡಿದವರು ನಡುವೆ ಒಂದು ಚುಕ್ಕಿ ಇಟ್ಟುಬಿಟ್ಟಿದ್ದರು. ನಿಮಿಷವನ್ನು 60ರಿಂದ, ಸೆಕೆಂಡನ್ನು 3600ರಿಂದ ಭಾಗಿಸಿ ಡಿಗ್ರಿಗೆ ಕೂಡಿಸಿದರೆ ಸರಿಯಾದ ಅಂಕಿ 24.51. ಅಕ್ಷಾಂಶದ ಒಂದು ಡಿಗ್ರಿ ಸುಮಾರು 111 ಕಿಲೋಮೀಟರ್. ಹಾಗಾಗಿ ಈ ಬಾವಿ 23 ಕಿಲೋಮೀಟರ್ ಆಚೆ ಹೋಗಿ ಕೂತಿತ್ತು. ನನಗೆ ಸುಳಿವು ಕೊಟ್ಟದ್ದು ಬೇರೇನಲ್ಲ: ಚುಕ್ಕಿಯ ನಂತರದ ಎರಡಂಕಿ ಯಾವ ಸಾಲಿನಲ್ಲೂ 59 ದಾಟಿರಲಿಲ್ಲ. ನಿಮ್ಮ ಪಟ್ಟಿಯಲ್ಲೂ ಮೊದಲು ಅದನ್ನೇ ನೋಡಿ.

ಡಿಗ್ರಿ, ನಿಮಿಷ, ಸೆಕೆಂಡ್ ಮೂರನ್ನೂ ಬೇರೆ ಬೇರೆ ಕಾಲಂ ಮಾಡಿ ಸೂತ್ರ ಹಾಕಿದೆ. ಆಗ ಖಾಲಿ ಸಾಲುಗಳಲ್ಲೆಲ್ಲ ಅಕ್ಷಾಂಶ, ರೇಖಾಂಶ ಎರಡೂ ಸೊನ್ನೆಯಾಗಿ, ಆ ಚುಕ್ಕೆಗಳು ಆಫ್ರಿಕಾದ ಪಶ್ಚಿಮಕ್ಕೆ, ಗಿನಿ ಕೊಲ್ಲಿಯಲ್ಲಿ ಗುಂಪುಗೂಡಿದವು. ಡಿಗ್ರಿ ಖಾಲಿಯಿದ್ದರೆ ಉತ್ತರವೂ ಖಾಲಿ ಇರಲಿ ಅಂತ ಸೂತ್ರಕ್ಕೆ ಇಫ್ (ಷರತ್ತು) ಸೇರಿಸಿದೆ. ಈಗ ಪ್ರತಿ ಬಾವಿಯೂ ಉಪಗ್ರಹ ಚಿತ್ರದಲ್ಲಿ ತನ್ನ ಕಟ್ಟೆಯ ಮೇಲೇ ಇದೆ.